ಚಿತ್ರಕಾರನ ಆಧಾರಗಳು: ಶ್ರೀರಂಗಪಟ್ಟಣದ ಯುದ್ಧಚಿತ್ರಗಳನ್ನು ಕುರಿತು

ನಮ್ಮ ಇತಿಹಾಸದ ಪಠ್ಯಪುಸ್ತಕಗಳಲ್ಲಿಯೂ ಪ್ರೌಢಗ್ರಂಥಗಳಲ್ಲಿಯೂ 1799ನೆಯ ಇಸವಿಯ ಮೇ 4ರಂದು ಸಂಭವಿಸಿದ ಶ್ರೀರಂಗಪಟ್ಟಣದ ಪತನವನ್ನು ವರ್ಣಿಸುವಾಗ ಒಂದೆರಡು ಚಿತ್ರಗಳನ್ನು ಸೇರಿಸುವುದು ವಾಡಿಕೆಯಾಗಿದೆ. ಒಡೆದ ಕೋಟೆಗೋಡೆಯ ಮೇಲೆ ಕತ್ತಿಯನ್ನೆತ್ತಿ ನಿಂತ ಸೇನಾನಿ, ಬಾಗಿಲ ಬಳಿ ಗಾಯಗೊಂಡು ಕುಸಿಯುತ್ತಿರುವ ಟೀಪು ಸುಲ್ತಾನ, ದೀಪದ ಬೆಳಕಿನಲ್ಲಿ ಗುರುತಿಸಲಾದ ಅವನ ಪಾರ್ಥಿವ ಶರೀರ, ಇವು ವಿದ್ಯಾರ್ಥಿಗಳ ಮನಸ್ಸಿನಲ್ಲಿ ಎಷ್ಟು ಗಾಢವಾಗಿ ಅಚ್ಚೊತ್ತಿರುವುವೆಂದರೆ ಪಠ್ಯದ ಮಾತುಗಳು ಮರೆತುಹೋದರೂ ಚಿತ್ರಗಳು ಮರೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ ನಾನು ತರಗತಿಯಲ್ಲಿ ಹೆನ್ರಿ ಸಿಂಗಲ್‌ಟನ್ ಎಂಬಾತನು ಬರೆದ ಟೀಪುವಿನ ಕೊನೆಯ ಹೋರಾಟದ ಚಿತ್ರವನ್ನು ತೋರಿಸಿ, ಅದರಲ್ಲಿದ್ದುದನ್ನೆಲ್ಲ ನಡೆದ ಸಂಗತಿಯೆಂಬಂತೆಯೇ ವಿವರಿಸುತ್ತಿದ್ದೆನು. ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು, "ಇದನ್ನು ಬರೆದವರು ಆಗ ಎಲ್ಲಿ ನಿಂತಿದ್ದರು?" ಎಂದು ಕೇಳಿದಳು. ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡೆ. ಮರುದಿನ ನಾನು ಒಪ್ಪಿಕೊಳ್ಳಬೇಕಾಗಿ ಬಂದುದೇನೆಂದರೆ, ಸಿಂಗಲ್‌ಟನ್ನನು ಭಾರತಕ್ಕೆ ಬಂದವನೇ ಅಲ್ಲ. 1800ರ ಸುಮಾರಿಗೆ ಲಂಡನ್ ನಗರದಲ್ಲಿ ಕುಳಿತು ಆ ಚಿತ್ರವನ್ನು ರಚಿಸಿದನು.

ಹಾಗಾದರೆ ಆ ಚಿತ್ರ ಕೇವಲ ಕಟ್ಟುಕಥೆಯೆ? ಅದೂ ಸರಿಯಾದ ಮಾತಲ್ಲ. ಶೂನ್ಯದಿಂದ ಚಿತ್ರ ಬರೆಯುವವನು ಯಾವನೂ ಇಲ್ಲ. ಕೈಗೆ ಕುಂಚ ಬರುವ ಮೊದಲು ಕಣ್ಣಿನ ಮುಂದೆ ಏನಾದರೊಂದು ಇರಲೇಬೇಕು. ಆ 'ಏನಾದರೊಂದು' ಯಾವುದೆಂಬುದನ್ನು ಪತ್ತೆಮಾಡಿದರೆ, ಒಂದು ಚಿತ್ರದಲ್ಲಿ ಯಾವ ಭಾಗವನ್ನು ಇತಿಹಾಸಕಾರನು ನಂಬಬಹುದು, ಯಾವ ಭಾಗವನ್ನು ನಂಬಬಾರದು ಎಂಬುದು ತಾನಾಗಿಯೇ ಗೋಚರವಾಗುತ್ತದೆ. ಇಡೀ ಚಿತ್ರವನ್ನು ಸತ್ಯವೆಂದು ಸ್ವೀಕರಿಸುವುದು ಅಥವಾ ಸುಳ್ಳೆಂದು ತಳ್ಳಿಹಾಕುವುದು, ಎರಡೂ ಸೋಮಾರಿತನದ ಮಾರ್ಗಗಳೇ. ಪ್ರಸ್ತುತ ಲೇಖನದಲ್ಲಿ ಚಿತ್ರಕಾರರು ಆಧಾರಗಳನ್ನೂ ಮಾದರಿಗಳನ್ನೂ ಬಳಸುವ ಕ್ರಮವನ್ನು ಮೊದಲು ಸ್ಥೂಲವಾಗಿ ತಿಳಿಸಿ, ಅನಂತರ ಶ್ರೀರಂಗಪಟ್ಟಣವನ್ನು ಕುರಿತ ಕೆಲವು ಚಿತ್ರಗಳಿಗೆ ಅದನ್ನು ಅನ್ವಯಿಸಲು ಯತ್ನಿಸಿದೆ.

ಚಿತ್ರಕಾರನ ಎದುರಿಗೆ ಇರುವ ಸಾಮಗ್ರಿ ನಾನಾ ಬಗೆಯದು. ಸ್ಥಳದಲ್ಲಿಯೇ ಕುಳಿತು ತೆಗೆದ ರೇಖಾಚಿತ್ರ ಒಂದು. ಮನೆಯಲ್ಲಿ ಕೂರಿಸಿಕೊಂಡು ಬರೆಯುವ ಜೀವಂತ ವ್ಯಕ್ತಿ, ಎಂದರೆ ರೂಪದರ್ಶಿ, ಮತ್ತೊಂದು. ಎರವಲು ತಂದ ಉಡುಪು, ಆಯುಧ, ಜೀನು ಮೊದಲಾದ ವಸ್ತುಗಳೂ ಉಂಟು. ಇವಲ್ಲದೆ ಬರವಣಿಗೆಯೂ ಆಧಾರವಾಗಬಹುದು. ನಮ್ಮಲ್ಲಿ ದೇವತಾಮೂರ್ತಿಯನ್ನು ಬರೆಯುವವನಿಗೆ ಧ್ಯಾನಶ್ಲೋಕವೇ ಪ್ರಮಾಣ; ಎಷ್ಟು ಕೈಗಳು, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು ಎಂಬುದೆಲ್ಲ ಅದರಲ್ಲಿಯೇ ನಿಗದಿಯಾಗಿರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ, ಒಂಬತ್ತು ನಿಧಿಗಳಾಗಿ ವಿಂಗಡವಾದ ಶ್ರೀತತ್ತ್ವನಿಧಿಯು ಇಂಥ ಲಕ್ಷಣಗಳ ಮಹಾಕೋಶವಾಗಿದ್ದು, ಮೈಸೂರು ಸಂಪ್ರದಾಯದ ಚಿತ್ರಗಾರರಿಗೆ ಕೈಪಿಡಿಯಂತೆ ಒದಗಿತು. ಕೊನೆಯದಾಗಿ, ಹಳೆಯ ಚಿತ್ರಗಳೇ ಹೊಸ ಚಿತ್ರಗಳಿಗೆ ಮಾದರಿಗಳಾಗುವುದುಂಟು. ಇತಿಹಾಸಕಾರನು ಹೆಚ್ಚು ಮೋಸಹೋಗುವುದು ಈ ಕೊನೆಯ ಬಗೆಯಲ್ಲಿಯೇ.

ಈ ಸಾಮಗ್ರಿಗಳೆಲ್ಲ ಒಂದೇ ಚಿತ್ರದಲ್ಲಿ ಹೇಗೆ ಬೆರೆಯುವುವೆಂಬುದನ್ನು ಕಾಣಲು, ಆಧಾರಗಳು ನಾಶವಾಗದೆ ಉಳಿದಿರುವ ಒಂದು ಇತ್ತೀಚಿನ ನಿದರ್ಶನವನ್ನು ನೋಡುವುದು ಅನುಕೂಲ. ಅಮೆರಿಕದ ಪತ್ರಿಕಾಚಿತ್ರಕಾರ ನಾರ್ಮನ್ ರಾಕ್‌ವೆಲ್ಲನು 1930ರ ದಶಕದ ನಡುವಿನಿಂದ ಛಾಯಾಚಿತ್ರಗಳ ನೆರವಿನಿಂದ ಕೆಲಸ ಮಾಡತೊಡಗಿದನು. ನೆರೆಹೊರೆಯವರನ್ನೇ ಕರೆದು, ಉಡುಪು ತೊಡಿಸಿ, ತಾನೇ ಅಭಿನಯಿಸಿ ತೋರಿಸಿ, ಛಾಯಾಗ್ರಾಹಕನಿಂದ ಚಿತ್ರಗಳನ್ನು ತೆಗೆಸುತ್ತಿದ್ದನು. ಒಂದರಿಂದ ಮುಖ, ಮತ್ತೊಂದರಿಂದ ಕೈ, ಇನ್ನೊಂದರಿಂದ ಅಂಗಿಯ ಮಡಿಕೆ, ಹೀಗೆ ಆರಿಸಿ ಇದ್ದಿಲಿನಲ್ಲಿ ದೊಡ್ಡ ಕರಡನ್ನು ಬರೆದು, ವರ್ಣದ ಕರಡೊಂದನ್ನು ಮಾಡಿ, ಆಮೇಲೆ ತೈಲವರ್ಣಕ್ಕೆ ಕೈಹಾಕುತ್ತಿದ್ದನು. 1943ರ ಮೇ 29ರ ಸ್ಯಾಟರ್‌ಡೇ ಈವನಿಂಗ್ ಪೋಸ್ಟ್ ಪತ್ರಿಕೆಯ ಮುಖಪುಟದಲ್ಲಿ ಬಂದ ಯುದ್ಧಕಾಲದ ಕಾರ್ಖಾನೆಯ ಹೆಂಗಸಿನ ಚಿತ್ರ ಬಹು ಪ್ರಸಿದ್ಧವಾದುದು. ಅದಕ್ಕೆ ರೂಪದರ್ಶಿಯಾಗಿದ್ದವಳು ವರ್ಮಾಂಟ್ ಪ್ರಾಂತದ ಆರ್ಲಿಂಗ್‌ಟನ್ ಊರಿನ ಟೆಲಿಫೋನ್ ಕಚೇರಿಯಲ್ಲಿದ್ದ 19 ವರ್ಷದ ಸಣಕಲು ಹುಡುಗಿ. ಚಿತ್ರದಲ್ಲಿ ಕಾಣುವ ದಪ್ಪ ತೋಳುಗಳು ಆಕೆಯವಲ್ಲ. ಕುಳಿತ ಭಂಗಿಯೂ ಆಕೆಯದಲ್ಲ. ಅದು ರೋಮಿನ ಸಿಸ್ಟೈನ್ ಚಾಪೆಲಿನ ಚಾವಣಿಯಲ್ಲಿ ಮೈಕೆಲ್‌ಏಂಜಲೊ ಬರೆದ ಪ್ರವಾದಿ ಐಸಾಯನದು! ಮುಖ ಮಾತ್ರ ಹುಡುಗಿಯದು. ಮುಂದೊಂದು ದಿನ ಛಾಯಾಚಿತ್ರಗಳೆಲ್ಲ ಕಳೆದುಹೋಗಿ ಆ ಮುಖಪುಟವೊಂದೇ ಉಳಿದಿದ್ದರೆ, ಅಂದಿನ ಕಾರ್ಮಿಕ ಸ್ತ್ರೀಯರ ಮೈಕಟ್ಟನ್ನು ಕುರಿತು ಯಾವನಾದರೂ ಪಂಡಿತನು ಪ್ರಬಂಧವನ್ನೇ ಬರೆದಿದ್ದಾನು.

ಈಗ ಶ್ರೀರಂಗಪಟ್ಟಣಕ್ಕೆ ಬರೋಣ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆಯಲ್ಲಿ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದನು. 1752ರಲ್ಲಿ ಜನಿಸಿದ ಈತನು 1791ರಲ್ಲಿ ಮದರಾಸಿಗೆ ಬಂದು, ಅನುಮತಿ ಪಡೆದು ಸೈನ್ಯವನ್ನು ಸೇರಿಕೊಂಡು, ಬೆಂಗಳೂರು, ಸಾವನದುರ್ಗ, ಶಿವಗಂಗೆ ಮೊದಲಾದ ಸ್ಥಳಗಳನ್ನು ಕಣ್ಣಾರೆ ಕಂಡು ಬರೆದುಕೊಂಡನು. ಈ ಚಿತ್ರಗಳು ತಾಮ್ರಫಲಕಗಳಲ್ಲಿ ಕೆತ್ತಲ್ಪಟ್ಟು 1794ರಲ್ಲಿ ಲಂಡನ್ನಿನಲ್ಲಿ, ಟೀಪು ಸುಲ್ತಾನನ ದೇಶವಾದ ಮೈಸೂರಿನ ಆಯ್ದ ದೃಶ್ಯಗಳೆಂಬ ಅರ್ಥದ ಹೆಸರಿನಲ್ಲಿ ಪ್ರಕಟವಾದುವು. ಸ್ಥಳದಲ್ಲಿಯೇ ತೆಗೆದ ಚಿತ್ರಗಳೆಂಬ ಮಾತನ್ನು ಪುಸ್ತಕದ ಹೆಸರಿನಲ್ಲಿಯೇ ಸೇರಿಸಿದ್ದಾರೆ. ಕಂಡು ಬರೆದುದಕ್ಕೂ ಕೇಳಿ ಬರೆದುದಕ್ಕೂ ಬೆಲೆಯಲ್ಲಿ ವ್ಯತ್ಯಾಸವುಂಟೆಂದು ಅಂದಿನ ಪ್ರಕಾಶಕರಿಗೂ ತಿಳಿದಿತ್ತು. ಸಾವನದುರ್ಗದ ಬಂಡೆಯ ಇಳಿಜಾರನ್ನು ಇಂದಿಗೂ ಯಾರಾದರೂ ಹೋಗಿ ಹೋಮನ ಫಲಕದೊಡನೆ ಹೋಲಿಸಬಹುದು. ಬೆಟ್ಟವು ಎಲ್ಲಿಗೂ ಹೋಗಿಲ್ಲ.

ಆದರೆ ಸ್ಥಳದಲ್ಲಿದ್ದವನ ಚಿತ್ರವೆಂಬ ಮಾತ್ರಕ್ಕೆ ಅದರ ಎಲ್ಲ ಅಂಶಗಳೂ ಸ್ಥಳದಿಂದಲೇ ಬಂದುವೆಂದು ತಿಳಿಯಬಾರದು. ಅಂಚಿನಲ್ಲಿ ಒಂದು ಮರ, ಮುಂದುಗಡೆ ನೆರಳಿನಲ್ಲಿ ಒಂದಿಬ್ಬರು ಮನುಷ್ಯರು, ನಡುವೆ ಬೆಳಕು, ಹಿಂದೆ ಬೆಟ್ಟ, ಇದು ಆ ಕಾಲದ ಇಂಗ್ಲಿಷ್ ನಿಸರ್ಗಚಿತ್ರಗಳ ಸಿದ್ಧ ಅಚ್ಚು. ಆ ಮರ ಅಲ್ಲಿತ್ತೋ ಇಲ್ಲವೋ ದೇವರೇ ಬಲ್ಲ. ಮೇಲಾಗಿ ರೇಖಾಚಿತ್ರಕ್ಕೂ ಪುಸ್ತಕದ ಪುಟಕ್ಕೂ ನಡುವೆ, ಮೈಸೂರನ್ನು ಕಾಣದ ಕೆತ್ತನೆಗಾರನ ಕೈಯೊಂದು ಇರುತ್ತದೆಂಬುದನ್ನೂ ಮರೆಯಲಾಗದು.

ಹೋಮನ ಎರಡು ದೊಡ್ಡ ವರ್ಣಚಿತ್ರಗಳನ್ನು ಎದುರುಬದುರಾಗಿ ಇಟ್ಟರೆ ಈ ಅಂಶ ಇನ್ನೂ ಸ್ಪಷ್ಟವಾಗುತ್ತದೆ. 1792ರ ಫೆಬ್ರವರಿ 26ರಂದು ಟೀಪುವಿನ ಇಬ್ಬರು ಎಳೆಯ ಮಕ್ಕಳಾದ ಅಬ್ದುಲ್ ಖಾಲಿಕ್, ಮುಯಿಜುದ್ದೀನ್ ಎಂಬವರನ್ನು ಒತ್ತೆಯಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸಿದ ಸಂದರ್ಭವನ್ನು ಆತನು ಬರೆದಿದ್ದಾನೆ. ಆ ಜನಜಂಗುಳಿಯ ಅಂಚಿನಲ್ಲಿ, ಚಿತ್ರಗಳ ಕಟ್ಟನ್ನು ಹಿಡಿದು ನಿಂತವನು ಹೋಮನೇ. ತಾನು ಅಲ್ಲಿದ್ದೆನೆಂಬುದಕ್ಕೆ ಸಾಕ್ಷಿದಾರನು ಹಾಕಿದ ರುಜುವಿನಂತೆ ಅದಿದೆ. ಮತ್ತೊಂದು, 1791ರ ಮಾರ್ಚ್ 7ರಂದು ಬೆಂಗಳೂರು ಪೇಟೆಯ ಲಗ್ಗೆಯಲ್ಲಿ ಮಡಿದ ಕರ್ನಲ್ ಮೂರ್‌ಹೌಸನ ಮರಣದ ಚಿತ್ರ. ಸಾಯುತ್ತಿರುವ ಅಧಿಕಾರಿಯು ಸಂಗಡಿಗರ ತೋಳುಗಳಲ್ಲಿ ಒರಗಿದ್ದಾನೆ. ಸುತ್ತಲೂ ವ್ಯಥಿತರಾದವರ ಗುಂಪು. ಈ ಜೋಡಣೆ ಬೆಂಗಳೂರಿನಿಂದ ಬಂದುದಲ್ಲ. 1759ರಲ್ಲಿ ಕೆನಡದ ಕ್ವಿಬೆಕ್ಕಿನಲ್ಲಿ ಸತ್ತ ಸೇನಾಪತಿ ವುಲ್ಫನ ಮರಣವನ್ನು ಬೆಂಜಮಿನ್ ವೆಸ್ಟನು 1770ರಲ್ಲಿ ಬರೆದ ಮೇಲೆ, ಬ್ರಿಟಿಷ್ ಅಧಿಕಾರಿಯೊಬ್ಬನು ಚಿತ್ರದಲ್ಲಿ ಸಾಯಬೇಕಾದ ರೀತಿಯೇ ಅದೆಂದು ನಿಶ್ಚಯವಾಗಿಹೋಯಿತು. ವೆಸ್ಟನಾದರೂ ಆ ರಣರಂಗದಲ್ಲಿ ಇದ್ದವನಲ್ಲ. ಆತನು ಅನುಸರಿಸಿದುದು ಶಿಲುಬೆಯಿಂದ ಇಳಿಸಿದ ಯೇಸುವಿನ ಸುತ್ತ ಶೋಕಿಸುವವರ ಹಳೆಯ ಧಾರ್ಮಿಕ ಚಿತ್ರಗಳ ವಿನ್ಯಾಸವನ್ನು. ಹೀಗೆ ಬೆಂಗಳೂರು ಪೇಟೆಯ ಬಾಗಿಲಲ್ಲಿ ನಾವು ಕಾಣುವ ಭಂಗಿಗಳಿಗೆ ಇಟಲಿಯ ದೇವಾಲಯಗಳಲ್ಲಿ ತವರುಂಟು. ಮೂರ್‌ಹೌಸನು ಸತ್ತದ್ದು ನಿಜ, ಹಾಗೆ ಸತ್ತನೆಂಬುದಕ್ಕೆ ಆ ಚಿತ್ರ ಪ್ರಮಾಣವಲ್ಲ.

ಒತ್ತೆಯಾಳುಗಳ ವಿಷಯವನ್ನೇ ಲಂಡನ್ನಿನಲ್ಲಿದ್ದ ಮೇದರ್ ಬ್ರೌನನೂ ಬರೆದನು. ಇವನು ಭಾರತವನ್ನು ಕಂಡವನಲ್ಲ. ರಾಜಕುಮಾರರು ಜನಾನಾದಿಂದ ಬೀಳ್ಕೊಳ್ಳುವ ಸನ್ನಿವೇಶವನ್ನೂ ಆತನು ಚಿತ್ರಿಸಿದ್ದಾನೆ. ಜನಾನಾದ ಒಳಗೆ ಪರಪುರುಷನಿಗೆ ಪ್ರವೇಶವೇ ಇಲ್ಲದಿದ್ದುದರಿಂದ, ಮೈಸೂರಿನಲ್ಲಿಯೇ ಇದ್ದಿದ್ದರೂ ಆತನಿಗೆ ಆ ದೃಶ್ಯ ದಕ್ಕುತ್ತಿರಲಿಲ್ಲ. ಇಲ್ಲಿ ನಾವು ಕಾಣುವುದು ಲಂಡನ್ನಿನವರು ಜನಾನಾವನ್ನು ಹೇಗೆ ಊಹಿಸಿಕೊಂಡಿದ್ದರು ಎಂಬುದನ್ನು. ಆ ಮಟ್ಟಿಗೆ ಅದೂ ಒಂದು ಚಾರಿತ್ರಿಕ ದಾಖಲೆಯೇ, ಆದರೆ ಲಂಡನ್ನಿನ ಚರಿತ್ರೆಗೆ.

1799ರ ಪತನದ ಸುದ್ದಿ ಇಂಗ್ಲೆಂಡಿಗೆ ತಲುಪಿದುದು ತಿಂಗಳುಗಳ ಬಳಿಕ. ಅಲ್ಲಿನ ಜನರ ಕುತೂಹಲಕ್ಕೆ ಮಿತಿಯಿರಲಿಲ್ಲ. 1777ರಲ್ಲಿ ಹುಟ್ಟಿದ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣನು 120 ಅಡಿ ಉದ್ದದ ಬೃಹತ್ ಪಟವೊಂದರಲ್ಲಿ ಕೋಟೆಯ ಲಗ್ಗೆಯನ್ನು ಬರೆದು 1800ರಲ್ಲಿ ಲಂಡನ್ನಿನ ಲೈಸಿಯಂ ಮಂದಿರದಲ್ಲಿ ಪ್ರದರ್ಶಿಸಿದನು. ಆರೇ ವಾರಗಳಲ್ಲಿ ಅದನ್ನು ಮುಗಿಸಿದನೆಂದು ಪ್ರತೀತಿ. ಮೂಲ ಪಟವು ಇಂದು ಇಲ್ಲ. ವೆಂಡ್ರಮಿನಿ ಎಂಬಾತನು ಮಾಡಿದ ಕೆತ್ತನೆಗಳ ಮೂಲಕವೇ ನಾವು ಅದನ್ನು ಬಲ್ಲೆವು. ಕಾವೇರಿಯನ್ನಾಗಲಿ ಕೋಟೆಯನ್ನಾಗಲಿ ಕಾಣದ ಪೋರ್ಟರನಿಗೆ ಆಧಾರಗಳೇನು? ಮೊದಲ ಸಂಗತಿಯೆಂದರೆ, ಹಿಂದಿನ ಯುದ್ಧದ ಚಿತ್ರಸಂಪುಟಗಳು ಆಗಲೇ ಲಂಡನ್ನಿನಲ್ಲಿ ದೊರೆಯುತ್ತಿದ್ದುವು. ಹೋಮನದಲ್ಲದೆ, ಸೈನ್ಯಾಧಿಕಾರಿಯೇ ಆದ ಅಲೆಗ್ಸಾಂಡರ್ ಆಲನ್ನನ ಮೈಸೂರು ದೃಶ್ಯಗಳೂ 1794ರಲ್ಲಿಯೇ ಹೊರಬಂದಿದ್ದುವು. ಎರಡನೆಯದಾಗಿ, ಯುದ್ಧದ ವರದಿಗಳು ಪತ್ರಿಕೆಗಳಲ್ಲಿ ಪ್ರಕಟವಾಗಿದ್ದುವು. ಯುದ್ಧಚಿತ್ರಗಳಲ್ಲಿ ಪ್ರಮುಖ ಅಧಿಕಾರಿಗಳ ಮುಖಗಳನ್ನು ಅವರ ಭಾವಚಿತ್ರಗಳಿಗೆ ಹೋಲುವಂತೆ ಬರೆದು, ಯಾರು ಯಾರೆಂದು ತಿಳಿಸುವ ಸೂಚೀಪಟವನ್ನು ಜೊತೆಗೆ ಅಚ್ಚುಹಾಕಿಸುವುದೂ ಅಂದಿನ ರೂಢಿ. ಮುಖಗಳ ಪಟ್ಟಿಯನ್ನು ಕೊಟ್ಟೊಡನೆ ಪ್ರೇಕ್ಷಕನು ಉಳಿದುದನ್ನೂ ನಂಬುತ್ತಿದ್ದನು. ಒಂದು ಮಧ್ಯಾಹ್ನದ ಬೇರೆ ಬೇರೆ ಗಳಿಗೆಗಳಲ್ಲಿ, ಬೇರೆ ಬೇರೆ ಕಡೆಗಳಲ್ಲಿ ನಡೆದ ಸಾಹಸಗಳೆಲ್ಲ ಪಟದ ಮೇಲೆ ಏಕಕಾಲದಲ್ಲಿ ನಡೆಯುವಂತೆ ತೋರುವುದನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಕಳೆದ ಪ್ರವಾಸದಲ್ಲಿ ನಮ್ಮ ವಿದ್ಯಾರ್ಥಿಗಳು ಪೋರ್ಟರನ ಕೆತ್ತನೆಯ ಪ್ರತಿಯನ್ನು ಕೈಯಲ್ಲಿ ಹಿಡಿದು, ಗೋಡೆ ಒಡೆದ ಸ್ಥಳದ ಬಳಿ 1907ರಲ್ಲಿ ಮೈಸೂರು ಸರ್ಕಾರವು ನಿಲ್ಲಿಸಿದ ಸ್ಮಾರಕಸ್ತಂಭದ ಪಕ್ಕದಲ್ಲಿ ನಿಂತರು. ಅವರಲ್ಲೊಬ್ಬನು ಚಿತ್ರವನ್ನೂ ಗೋಡೆಯನ್ನೂ ಹತ್ತು ನಿಮಿಷ ನೋಡಿ, "ಸಾರ್, ಇಲ್ಲಿ ಇಷ್ಟು ಜನ ಹಿಡಿಯುವುದಿಲ್ಲ" ಎಂದನು. ಗ್ರಂಥಗಳಿಂದ ನಾನು ಕಲಿಸಲಾರದುದನ್ನು ಆ ಮಾತು ಕಲಿಸಿತು.

ಬರವಣಿಗೆಯು ಚಿತ್ರಕ್ಕೆ ಆಧಾರವಾಗುವ ಬಗೆಯನ್ನು ಪರೀಕ್ಷಿಸಲು ಟೀಪುವಿನ ಶರೀರದ ವರ್ಣನೆ ಅತ್ಯುಪಯುಕ್ತವಾಗಿದೆ. ಮೇಲೆ ಹೇಳಿದ ಆಲನ್ನನು ಅಂದು ಸಂಧಾನದ ಬಾವುಟವನ್ನು ಹಿಡಿದು ಅರಮನೆಯನ್ನು ಹೊಕ್ಕವನು. ಕತ್ತಲಲ್ಲಿ ಹೆಣಗಳ ರಾಶಿಯ ನಡುವೆ ಟೀಪುವನ್ನು ಹುಡುಕಿದವರಲ್ಲಿ ಒಬ್ಬನು. ಆತನ ಹೇಳಿಕೆಯನ್ನು ಬೀಟ್ಸನ್ನನು 1800ರಲ್ಲಿ ಪ್ರಕಟಿಸಿದ ತನ್ನ ಯುದ್ಧಚರಿತ್ರೆಯಲ್ಲಿ ಸೇರಿಸಿದ್ದಾನೆ. ಅದರ ಪ್ರಕಾರ ಸುಲ್ತಾನನು ತೊಟ್ಟಿದ್ದುದು ನಯವಾದ ಬಿಳಿಯ ಅಂಗಿ, ಹೂವಿನ ಚೀಟಿಬಟ್ಟೆಯ ಸಡಿಲವಾದ ಇಜಾರ, ನಡುವಿಗೆ ಕೆಂಪು ಬಟ್ಟೆ, ಹೆಗಲಿನಿಂದ ಕೆಂಪು ಹಸಿರು ರೇಷ್ಮೆಯ ಪಟ್ಟಿಯಲ್ಲಿ ತೂಗುತ್ತಿದ್ದ ಚೀಲ, ತೋಳಿಗೆ ತಾಯಿತ. ತಲೆಯ ಮೇಲೆ ಪೇಟವಿರಲಿಲ್ಲ, ಕೈಯಲ್ಲಿ ಆಯುಧವೂ ಇರಲಿಲ್ಲ. ಕಣ್ಣುಗಳು ತೆರೆದೇ ಇದ್ದುವು. ಮೈ ಇನ್ನೂ ಬೆಚ್ಚಗಿದ್ದುದರಿಂದ ಜೀವವಿದೆಯೋ ಎಂಬ ಸಂದೇಹವುಂಟಾಯಿತು. ಕುಳ್ಳು ಕುತ್ತಿಗೆ, ಸ್ಥೂಲಕಾಯ, ಅದಕ್ಕೆ ಹೊಂದದ ಚಿಕ್ಕ ಕೈಕಾಲುಗಳು, ದೊಡ್ಡ ಕಣ್ಣುಗಳು ಎಂದು ಆಕೃತಿಯನ್ನೂ ವರ್ಣಿಸಿದೆ. ಶತ್ರುಪಕ್ಷದವನ ಹೇಳಿಕೆಯಾದರೂ ಇಂಥ ಸಣ್ಣ ವಿವರಗಳಲ್ಲಿ ಸುಳ್ಳಾಡಿ ಆತನಿಗೆ ಲಾಭವೇನೂ ಇರಲಿಲ್ಲ.

ಇದನ್ನು ಅಳತೆಗೋಲಾಗಿ ಇಟ್ಟುಕೊಂಡು ಯಾವ ಚಿತ್ರವನ್ನಾದರೂ ಪರೀಕ್ಷಿಸಬಹುದು. ಕಾದಾಡುತ್ತಿರುವ ಟೀಪುವಿನ ತಲೆಯ ಮೇಲೆ ಪೇಟವಿದ್ದರೆ ಅದು ಈ ಹೇಳಿಕೆಗೆ ವಿರುದ್ಧವಲ್ಲ, ಗದ್ದಲದಲ್ಲಿ ಅದು ಬಿದ್ದಿರಬಹುದು. ಮೃತಶರೀರದ ತಲೆಯ ಮೇಲಿದ್ದರೆ ಚಿತ್ರಕಾರನು ಆಲನ್ನನನ್ನು ಓದಿಲ್ಲ, ಅಥವಾ ಓದಿಯೂ ಅಲಕ್ಷಿಸಿದ್ದಾನೆ. ಸುಲ್ತಾನನು ಎತ್ತರದ ತೆಳುಮೈಯವನಾಗಿ ಕಂಡರೆ ರೂಪದರ್ಶಿಯ ಮೈಕಟ್ಟು ಅವನ ಮೈಕಟ್ಟಿನ ಸ್ಥಾನವನ್ನು ಆಕ್ರಮಿಸಿದೆಯೆಂದು ಶಂಕಿಸಬಹುದು. ರತ್ನಖಚಿತ ಆಭರಣಗಳು ಕಂಡರೆ, ಅದು ಸುಲ್ತಾನನೆಂದರೆ ಹೀಗಿರಬೇಕೆಂಬ ನಾಟಕಶಾಲೆಯ ಕಲ್ಪನೆ.

ಇನ್ನು ಸರ್ ಡೇವಿಡ್ ವಿಲ್ಕಿಯ ಪ್ರಸಿದ್ಧ ಚಿತ್ರ. ಲಗ್ಗೆಯ ನಾಯಕನಾದ ಡೇವಿಡ್ ಬೇರ್ಡನು ಟೀಪುವಿನ ಶರೀರವನ್ನು ಕಂಡುಕೊಂಡ ದೃಶ್ಯವಿದು. 1839ರಲ್ಲಿ ಪ್ರದರ್ಶಿತವಾಗಿ ಈಗ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿದೆ. ಇದನ್ನು ಬರೆಯಿಸಿದವಳು ಬೇರ್ಡನ ಪತ್ನಿ. ಬೇರ್ಡನು 1829ರಲ್ಲಿಯೇ ತೀರಿಕೊಂಡಿದ್ದುದರಿಂದ ಆತನ ಮುಖವನ್ನು ಮುಂಚಿನ ಭಾವಚಿತ್ರಗಳ ನೆರವಿನಿಂದಲ್ಲದೆ ಬರೆಯುವಂತಿರಲಿಲ್ಲ. ವಿಲ್ಕಿಯೂ ಭಾರತಕ್ಕೆ ಬಂದವನಲ್ಲ. ಆದರೆ ಆತನು ಅವಸರಪಡುವ ಪೈಕಿಯವನಲ್ಲ. ಈ ಚಿತ್ರಕ್ಕಾಗಿ ಮಾಡಿದ ಪೂರ್ವಾಭ್ಯಾಸದ ರೇಖಾಚಿತ್ರಗಳು ಉಳಿದಿವೆ. ಶ್ರೀರಂಗಪಟ್ಟಣದ ಲೂಟಿಯ ವಸ್ತುಗಳಾದ ಕತ್ತಿ, ಉಡುಪು, ಗ್ರಂಥ ಮುಂತಾದುವು ಅಷ್ಟು ಹೊತ್ತಿಗೆ ಬ್ರಿಟನ್ನಿನ ಮನೆಮನೆಗಳಿಗೆ ಹಂಚಿಹೋಗಿದ್ದುವು. ಟೀಪುವಿನ ಮರದ ಹುಲಿಯು 1808ರಿಂದಲೇ ಲಂಡನ್ನಿನ ಕಂಪನಿ ಭವನದಲ್ಲಿ ಪ್ರದರ್ಶನಕ್ಕಿತ್ತು. ವಸ್ತುಗಳ ಮಟ್ಟಿಗೆ ಲಂಡನ್ನಿನ ಚಿತ್ರಕಾರನಿಗೆ ಮೈಸೂರಿಗಿಂತ ಲಂಡನ್ನೇ ಅನುಕೂಲವಾದ ಸ್ಥಳವಾಗಿಬಿಟ್ಟಿತ್ತೆಂಬುದು ವಿಷಾದದ ಸಂಗತಿ.

ವಿಲ್ಕಿಯ ಚಿತ್ರದಲ್ಲಿ ಬೇರ್ಡನ ಕಾಲಿನ ಬಳಿ ಗೋಡೆಯಲ್ಲಿ ಕಬ್ಬಿಣದ ಜಾಲಂಧ್ರವೊಂದಿದೆ. ಬೇರ್ಡನು ಹಿಂದೆ ಸುಮಾರು ನಾಲ್ಕು ವರ್ಷಗಳ ಕಾಲ ಸೆರೆಯಲ್ಲಿದ್ದ ನೆಲಮಾಳಿಗೆಗೆ ಬೆಳಕು ಬಿಡುತ್ತಿದ್ದ ಕಿಂಡಿ ಅದೆಂದು ಚಿತ್ರದ ವಿವರಣೆಯಲ್ಲಿಯೇ ಹೇಳಲಾಗಿತ್ತು. ಸೆರೆಮನೆಯ ಕಿಂಡಿ, ಅದರ ಮೇಲೆ ಇಂದಿನ ವಿಜೇತನು, ಅವನ ಕೆಳಗೆ ಸೆರೆಯಿಟ್ಟ ಮನೆತನದ ಅರಸನ ಶವ! ಇಷ್ಟು ಅಚ್ಚುಕಟ್ಟಾದ ನ್ಯಾಯವನ್ನು ಇತಿಹಾಸವು ಒಂದೇ ಚೌಕಟ್ಟಿನೊಳಗೆ ಒದಗಿಸುವುದು ವಿರಳ. ಕಿಂಡಿಯು ಆಧಾರದಿಂದ ಬಂದುದಲ್ಲ, ಅರ್ಥಕ್ಕಾಗಿ ಬಂದುದು ಎಂದೇ ನನ್ನ ಅಭಿಪ್ರಾಯ. ದೀಪದ ಬೆಳಕನ್ನೂ ಆಲನ್ನನ ವರದಿಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಚಿತ್ರವು ನಂಬಿಕೆಗೆ ಅರ್ಹವೆನಿಸುತ್ತದೆ. ಆ ನಂಬಿಕೆಯ ಮರೆಯಲ್ಲಿ ಕಿಂಡಿಯೂ ಒಳಗೆ ಬಂದುಬಿಡುತ್ತದೆ.

ಬೇರ್ಡನು ಸೆರೆಸಿಕ್ಕಿದುದು 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟೀಪು ಕಂಪನಿಯ ಸೈನ್ಯವನ್ನು ಮುರಿದಾಗ. ಆ ಯುದ್ಧವನ್ನು ಮೈಸೂರಿನ ಕಡೆಯಿಂದ ಚಿತ್ರಿಸಿದ ಭಿತ್ತಿಚಿತ್ರವು 1784ರಲ್ಲಿ ನಿರ್ಮಿತವಾದ ದರಿಯಾ ದೌಲತ್ ಬಾಗಿನ ಪಶ್ಚಿಮದ ಗೋಡೆಯ ಮೇಲಿದೆ. ಗಾಯಗೊಂಡ ಕರ್ನಲ್ ಬೇಯ್ಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಹೈದರನಿಗೆ ಮೀಸೆಯಿಲ್ಲ, ಟೀಪುವಿಗೆ ತೆಳುವಾದ ಮೀಸೆಯುಂಟು. ಈ ಕೊನೆಯ ವಿವರವು ಹೈದರನನ್ನು ಕುರಿತ ಲಿಖಿತ ವರ್ಣನೆಗಳೊಡನೆ ಹೊಂದಿಕೊಳ್ಳುತ್ತದೆ. ಸಾಲುಸಾಲು ಸವಾರರು ಮಾತ್ರ ಒಂದೇ ಅಚ್ಚಿನವರು. ಅರಸರ ಮುಖಗಳಿಗೆ ಬಲ್ಲವರ ಕಣ್ಣು ಆಧಾರ. ಸವಾರರ ಸಾಲಿಗೆ ಕೈಯಭ್ಯಾಸವೇ ಆಧಾರ.

ಇಲ್ಲಿಯೂ ಇನ್ನೊಂದು ತೊಡಕಿದೆ. ಪತನದ ಬಳಿಕ ಆ ಮಂದಿರದಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಭಿತ್ತಿಚಿತ್ರವನ್ನು ದುರಸ್ತಿಪಡಿಸಿದನು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಿಂದ ಮತ್ತೊಮ್ಮೆ ಅದನ್ನು ಬರೆಯಿಸಲಾಯಿತು. ಆದುದರಿಂದ ಇಂದು ನಾವು ಕಾಣುವ ಬಣ್ಣಕ್ಕೆ ಆಧಾರವಾಗಿದ್ದುದು ಯುದ್ಧವಲ್ಲ, ಮಾಸಿದ ಹಳೆಯ ಚಿತ್ರ ಮತ್ತು ಅದನ್ನು ಮೊದಲೇ ಕಂಡಿದ್ದವರ ನೆನಪು. ಬೇಯ್ಲಿಯ ಬೆರಳು 1784ರಲ್ಲಿಯೂ ಬಾಯಲ್ಲಿತ್ತೆ, ಅಥವಾ ಯಾವನೋ ದುರಸ್ತಿಗಾರನು ಸೇರಿಸಿದನೆ ಎಂಬುದನ್ನು ಗೋಡೆಯೊಂದರಿಂದಲೇ ನಿರ್ಣಯಿಸಲಾಗದು. ಅದೃಷ್ಟವಶಾತ್ ಇದೇ ಯುದ್ಧದ ಕಾಗದದ ಮೇಲಣ ಚಿತ್ರಗಳೂ ಉಳಿದಿವೆ; ಅವುಗಳಲ್ಲಿ 24 ಹಾಳೆಗಳ, ಸುಮಾರು 10 ಮೀಟರು ಉದ್ದದ ಒಂದು ಪ್ರತಿ 2022ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಡಾಲ್‌ಹೌಸಿಗಿಂತ ಹಿಂದಿನ ಪ್ರತಿಗಳೆಂದು ಎಣಿಸಲಾಗಿರುವ ಇವುಗಳ ಮುದ್ರಿತ ಛಾಯೆಗಳನ್ನು ಗೋಡೆಯ ಚಿತ್ರದೊಡನೆ ಪಲ್ಲಕ್ಕಿಗೆ ಪಲ್ಲಕ್ಕಿ, ಕುದುರೆಗೆ ಕುದುರೆ ಹೋಲಿಸುತ್ತ ಹೋಗುವುದು, ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ಬೇಯ್ಲಿಯ ಬೆರಳಿನಿಂದಲೇ ಅದನ್ನು ಆರಂಭಿಸಬಹುದು.